ಸನ್ನದು ಯಾರದು, ಸಂಕಟ ಯಾರದು?

ಆದಾಯ ಎಷ್ಟು ಎಂಬುದಕ್ಕಿಂತ ಎಲ್ಲಿಂದ, ಹೇಗೆ ಬಂತು ಎಂಬುದನ್ನೇ ಶರಣರು ಮೊದಲು ನೋಡುತ್ತಿದ್ದರು. ಮಸ್ಕಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ; ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಗತ್ಯಕ್ಕೆ ಮೀರಿದ್ದು ಕಾಯಕದ ಫಲವಲ್ಲ, ಆಸೆಯ ಫಲ ಎಂಬುದು ಆ ತಾಯಿಯ ತೀರ್ಪು. ರಾಜ್ಯದ ಬೊಕ್ಕಸವನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

2025-26ರ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರವು ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಮಾದಕ ಪಾನೀಯಗಳ ಸೇವನೆಯನ್ನು ತಡೆಯಲು ಪ್ರಭುತ್ವ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ನಿರ್ದೇಶಿಸುತ್ತದೆ. ಅದಕ್ಕಾಗಿ ಮದ್ಯಪಾನ ಸಂಯಮ ಮಂಡಳಿಯೂ ಇದೆ. ಒಂದು ಕೈ ಸಂಯಮ ಬೋಧಿಸಿದರೆ ಇನ್ನೊಂದು ಕೈ ಮಾರಾಟದ ಗುರಿ ಬರೆಯುತ್ತದೆ. ಕುಡಿತ ಕಡಿಮೆಯಾದರೆ ಗುರಿ ತಪ್ಪುತ್ತದೆ. ಗುರಿ ಮುಟ್ಟಿದರೆ ಸಂಯಮ ಸೋಲುತ್ತದೆ.

ಇನ್ನು ಸನ್ನದಿನ ವಿಚಾರ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯದಂಗಡಿಗೆ ಅನುಮತಿ ನೀಡುವ ಅಧಿಕಾರ ಅಧಿಕಾರಿಗಳದ್ದು. ಶಾಲೆ, ದೇವಾಲಯ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಆದರೆ ಆ ಊರಿಗೆ ಅಂಗಡಿ ಬೇಕೇ ಬೇಡವೇ ಎಂದು ಊರವರನ್ನು ಕೇಳಿ ಅವರ ತೀರ್ಪಿಗೆ ಬದ್ಧವಾಗುವ ನಿಯಮವಿಲ್ಲ. ಅಶೋಕನ ಹೆಸರನ್ನು ಹೊತ್ತ ಶಾಸನ 1915ರಲ್ಲಿ ದೊರೆತದ್ದು ಮಸ್ಕಿಯಲ್ಲಿ. ಅರಸನು ತನ್ನ ಮಾತು ಪ್ರಜೆಗೆ ಮುಟ್ಟಲೆಂದು ಬಂಡೆಯ ಮೇಲೆ ಬರೆಸಿದ ನೆಲವಿದು. ಇಂದು ಪ್ರಜೆಯ ಮಾತು ಆಳುವವರಿಗೆ ಮುಟ್ಟುವ ದಾರಿಯೇ ಕಾಣದು.

2025ರ ಆಯವ್ಯಯವು ಮದ್ಯದ ಸನ್ನದುಗಳನ್ನು ಇ-ಹರಾಜಿನ ಮೂಲಕ ಹಂಚುವುದಾಗಿ ಘೋಷಿಸಿತು. ಇದನ್ನು ಪಾರದರ್ಶಕತೆ ಎನ್ನಲಾಗುತ್ತದೆ. ಹರಾಜು ಪಾರದರ್ಶಕವಾಗಿರಬಹುದು, ಅದರ ಪರಿಣಾಮವೂ ಅಷ್ಟೇ ಸ್ಪಷ್ಟ. ಹೆಚ್ಚು ಹಣ ಕೂಗಿ ಸನ್ನದು ಹಿಡಿದವನು ಹೆಚ್ಚು ಮಾರದೆ ವಿಧಿಯಿಲ್ಲ. ಪಟ್ಟಣದ ಅಂಗಡಿಯ ಸರಕು ಹಳ್ಳಿಯ ಕಿರಾಣಿ ಅಂಗಡಿಗೆ, ಗೂಡಂಗಡಿಗೆ ಇಳಿಯುವುದು ಹೀಗೆಯೇ. ಭತ್ತದ ನಾಟಿ, ಹತ್ತಿ ಬಿಡಿಸಿದ ಕೂಲಿ, ಗುಳೆ ಹೋಗಿ ಕೂಡಿಸಿ ತಂದ ಹಣ ಮನೆ ಮುಟ್ಟುವ ಮೊದಲೇ ಕರಗುವುದು ಅಲ್ಲಿಯೇ.

ಈ ಸಂಕಟವನ್ನು ಹೊತ್ತವರು ಸುಮ್ಮನೆ ಕುಳಿತಿಲ್ಲ. 2019ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ತಾಯಂದಿರೂ ಸೇರಿದಂತೆ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಅವರ ಪಾದದ ಬೊಬ್ಬೆಗಳಿಗೆ ಯಾವ ಆಯವ್ಯಯದಲ್ಲಿಯೂ ಶೀರ್ಷಿಕೆಯಿಲ್ಲ.

ನಿಷೇಧಿಸಿದರೆ ಕಳ್ಳಭಟ್ಟಿ ಹೆಚ್ಚುತ್ತದೆ ಎಂಬುದು ಪ್ರತಿವಾದ. ಇದನ್ನು ತಳ್ಳಿಹಾಕಲಾಗದು. 2007ರಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ಮದ್ಯದ ಪೊಟ್ಟಣ ಅದರ ಜಾಗಕ್ಕೆ ಬಂತು. ಆದರೆ ಇದರಿಂದ ಕಲಿಯಬೇಕಾದ ಪಾಠ ಅಂಗಡಿ ಹೆಚ್ಚಿಸಬೇಕೆಂಬುದಲ್ಲ. ಮೇಲಿನಿಂದ ಇಳಿದ ಆಜ್ಞೆಗೆ ಊರಿನ ಕಾವಲು ಇರಬೇಕೆಂಬುದು. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಮಹಿಳಾ ಮತದಾರರು ಬೇಡವೆಂದು ಮತ ಹಾಕಿ ಅಂಗಡಿ ಮುಚ್ಚಿಸುವ ಅವಕಾಶವಿದೆ. ಪರಿಶಿಷ್ಟ ಪ್ರದೇಶಗಳಲ್ಲಿ ಮದ್ಯ ಮಾರಾಟವನ್ನು ನಿಯಂತ್ರಿಸುವ ಅಧಿಕಾರವನ್ನು 1996ರ ಕೇಂದ್ರ ಕಾಯ್ದೆ ಗ್ರಾಮಸಭೆಗಳಿಗೂ ಕೊಟ್ಟಿದೆ. ಅಲ್ಲಿ ಸಾಧ್ಯವಾದುದು ಮಸ್ಕಿ, ಸಿಂಧನೂರಿನ ಹಳ್ಳಿಗಳಿಗೆ ಏಕೆ ಅಸಾಧ್ಯ?

ಇದು ಮಾರುವವರ ಮೇಲಿನ ದ್ವೇಷವಲ್ಲ. ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನವರೂ ಇದ್ದರು. ಹೆಂಡದ ಮಾತಿನಲ್ಲಿಯೇ ಅರಿವಿನ ಮಾತನ್ನು ಹೇಳಿದರು. ಅನುಭವ ಮಂಟಪ ಅವರನ್ನು ಹೊರಗಿಡಲಿಲ್ಲ. ಪ್ರಶ್ನೆ ಗಲ್ಲೆಯ ಹಿಂದೆ ಕುಳಿತವನದಲ್ಲ, ಆ ಗಲ್ಲೆಯಿಂದಲೇ ಬೊಕ್ಕಸ ತುಂಬಿಸಿಕೊಳ್ಳುವ ಆಡಳಿತದ್ದು. ಗ್ರಾಮಸಭೆ, ವಾರ್ಡ್ ಸಭೆಗಳ ಒಪ್ಪಿಗೆಯಿಲ್ಲದೆ ಯಾವ ಸನ್ನದೂ ಬೇಡ, ನವೀಕರಣವೂ ಬೇಡ. ಆ ಸಭೆಯಲ್ಲಿ ಹೆಣ್ಣುಮಕ್ಕಳ ಮಾತೇ ಮೊದಲಾಗಲಿ. ಅನುಭವ ಮಂಟಪದಲ್ಲಿ ಲಕ್ಕಮ್ಮ, ಸತ್ಯಕ್ಕರ ಮಾತಿಗೆ ಇದ್ದ ಬೆಲೆ, ಅವರನ್ನು ಪೂಜಿಸುವ ನಾಡಿನ ಗ್ರಾಮಸಭೆಯಲ್ಲಿ ಇಂದಿನ ತಾಯಂದಿರ ಮಾತಿಗೂ ಇರಬೇಕು.