ಬೀಜ ಕಾದವನಿಗೆ ಜೈಲು, ಹೆಸರು ಮಾರುವವನಿಗೆ ದುಡ್ಡು

'ಲ್ಯಾಂಬ್ಸ್ ಬ್ರೆಡ್' ಅಂದ್ರೆ ಟೀ-ಶರ್ಟಿನ ಮೇಲಿನ ಬಾಬ್ ಮಾರ್ಲಿ ಅಲ್ಲ ಸ್ವಾಮಿ. ಜಮೈಕಾದ ಗುಡ್ಡಗಾಡು ರೈತರು ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬಂದ ಗಾಂಜಾ ತಳಿ: ಎತ್ತರದ ಗಿಡ, ಸಪೂರ ಎಲೆ, ನಿಧಾನಕ್ಕೆ ಮಾಗುವ ಹೂವು. 'ಗಾಂಜಾ' ಎಂಬ ಪದ ಅಲ್ಲಿಗೆ ಹೋದದ್ದೇ 1845ರಿಂದ ಹಡಗಿನಲ್ಲಿ ಬಂದಿಳಿದ ಭಾರತದ ಕರಾರು ಕೂಲಿಗಳ ಜೊತೆ. 1913ರಲ್ಲಿ ವಸಾಹತು ಸರ್ಕಾರ ನಿಷೇಧಿಸಿತು. ಆಮೇಲೆ ಜೈಲು ಕಂಡವರು ಬಡವರು, ರಾಸ್ತಾಫಾರಿಗಳು.

2015ರಲ್ಲಿ ಕಾನೂನು ಸಡಿಲವಾಯ್ತು, ಲೈಸೆನ್ಸ್ ಬಂತು. ಆದ್ರೆ ಶುಲ್ಕ, ಬೇಲಿ, ಜಮೀನಿನ ಕಾಗದ ಇವನ್ನೆಲ್ಲ ಗುಡ್ಡದ ರೈತ ಎಲ್ಲಿಂದ ತರಬೇಕು? ಅತ್ತ ಹೊರದೇಶದ ಬೀಜದಂಗಡಿಗಳು ಬೆರಕೆ ತಳಿಗೆ ಅದೇ ಹೆಸರಿಟ್ಟು ಮಾರ್ತಿವೆ.

ಸೇದಿ ಅಂತ ನಾನು ಹೇಳ್ತಿಲ್ಲ. ಜೈಲಿಗೆ ಹೆದರದೆ ಬೀಜ ಕಾದವನಿಗೇ ಮೊದಲ ಲೈಸೆನ್ಸ್ ಕೊಡಿ, ಹೆಸರಿನ ಹಕ್ಕನ್ನೂ ಕೊಡಿ. ಇಲ್ಲದಿದ್ದರೆ ಇದು ಸುಧಾರಣೆಯಲ್ಲ, ಬರೀ ಮಾಲೀಕರ ಬದಲಾವಣೆ.