ಹಳದಿ ಬೋರ್ಡ್ ಅಂದ್ರೆ ನಾಚಿಕೆ ಯಾಕೆ?

ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈರಿ.

ನಮ್ ಕೋಲಾರದ ಕಡೆ ಟೊಮೇಟೊಗೆ ಒಂದು ಸೀಸನ್ ರೇಟ್ ಸಿಕ್ರೆ ಸಾಕು, ಮನೆ ಮುಂದೆ ಬಿಳಿ ಬೋರ್ಡ್ ಕಾರು ಬಂದು ನಿಲ್ಲುತ್ತೆ. "ಪಿಕಪ್ ತಗೊಳಪ್ಪ" ಅಂದ್ರೆ, "ಅಯ್ಯೋ, ಹಳದಿ ಬೋರ್ಡಾ? ಬಾಡಿಗೆ ಡ್ರೈವರ್ ಅಂದ್ಕೊಂಡು ಹೆಣ್ಣು ಕೊಡಲ್ಲ ಅಣ್ಣ" ಅಂತಾರೆ. ಹೆಣ್ಣಿನ ಕಡೆಯವರಿಗೆ ತೋರಿಸೋಕೆ ಸಾಲ ಮಾಡಿ ಕಾರು ತಂದ್ರೆ, ಬಂದ ಸೊಸೆನೇ ಆ ಸಾಲ ಹೊರಬೇಕಲ್ವಾ?

ಆ ಕಾರು ವಾರದಲ್ಲಿ ಆರು ದಿನ ಹುಣಸೆ ಮರದ ಕೆಳಗಿರುತ್ತೆ. ಕೊಯ್ಲಿನ ದಿನ ಅದೇ ಮನೆಯವರು ಬಾಡಿಗೆ ಗಾಡಿಗೆ ಫೋನ್ ಮೇಲೆ ಫೋನ್ ಮಾಡ್ತಿರ್ತಾರೆ. ಗಾಡಿಯವನು ಇನ್ನೆರಡು ತೋಟ ಮುಗಿಸಿ ಬರೋ ಹೊತ್ತಿಗೆ ಒಳ್ಳೆ ಹರಾಜು ಮುಗಿದಿರುತ್ತೆ. ತಡವಾಗಿ ಹೋದ ಹಣ್ಣಿಗೆ ಮಂಡಿಯವನು ಹೇಳಿದ್ದೇ ರೇಟು.

ಲೆಕ್ಕ ನೋಡಿ. ಬಾಕ್ಸಿಗೆ 15 ಕೆಜಿ ಹಣ್ಣು, ಖಾಲಿ ಬಾಕ್ಸ್ ತೂಕ ಸೇರಿ 17 ಇಟ್ಕೊಳ್ಳಿ. 1,700 ಕೆಜಿ ಹೊರೋ ಪಿಕಪ್‌ಗೆ 100 ಬಾಕ್ಸ್. 750 ಕೆಜಿ ಹೊರೋ ಚಿಕ್ಕ ಗಾಡಿಗೆ 44. ವಾಪಸ್ ಬರುವಾಗ ಹಿಂಡಿ, ಬೂಸಾ, ಡ್ರಿಪ್ ಪೈಪು, ನೀಲಗಿರಿ ಕಡ್ಡಿ. ರೇಷ್ಮೆ ಗೂಡಿಗೆ ಗಾಳಿ ಆಡಬೇಕು, ಅದನ್ನ ಕಾರಿನ ಡಿಕ್ಕಿಯಲ್ಲಿ ಮುಚ್ಚಿ ಶಿಡ್ಲಘಟ್ಟಕ್ಕೆ ತಗೊಂಡು ಹೋಗ್ತೀರಾ?

"ಟ್ರಾಕ್ಟರ್ ಇದೆಯಲ್ಲ" ಅನ್ನೋರಿಗೂ ಒಂದು ಮಾತು. ಟ್ರಾಕ್ಟರ್ ಉಳೋಕೆ, ತಿಪ್ಪೆ ಗೊಬ್ಬರ ಹೊಡೆಯೋಕೆ ಸರಿ. ಹಿಂದೆ ಲೈಟೇ ಇಲ್ಲದ ಟ್ರೇಲರ್ ಕಟ್ಕೊಂಡು ನಸುಕಲ್ಲಿ ಹೈವೇಗೆ ಇಳಿಯೋದು ಪ್ರಾಣದ ಜೊತೆ ಆಟ.

ಲೈಸೆನ್ಸ್ ಭಯವೂ ಬೇಡ. 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸೋಕೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಹೇಳಿದೆ. ಆದ್ರೆ ಆರ್‌ಸಿಯಲ್ಲಿ ಇರೋದಕ್ಕಿಂತ ಜಾಸ್ತಿ ತುಂಬಬೇಡಿ. ಕೂಲಿ ಹೆಣ್ಣುಮಕ್ಕಳನ್ನ ಹಿಂದೆ ನಿಲ್ಲಿಸ್ಕೊಂಡು ಹೋಗಲೇಬೇಡಿ. ಅದು ಸರಕಿನ ಗಾಡಿ. ಪಲ್ಟಿ ಆದ್ರೆ ಆ ಮನೆಗಳಿಗೆ ಏನು ಉತ್ತರ ಕೊಡ್ತೀರಿ?

ಹಾಗಂತ ಮನೆಗೊಂದು ಪಿಕಪ್ ತಗೊಳ್ಳಿ ಅಂತಿಲ್ಲ. ತಿಂಗಳ ಕಂತು 15,000, ಒಂದು ಟ್ರಿಪ್ ಬಾಡಿಗೆ 1,500 ಅಂತಿಟ್ಕೊಳ್ಳಿ. ಕಂತಿಗೇ ತಿಂಗಳಿಗೆ ಹತ್ತು ಟ್ರಿಪ್ ಬೇಕು. ಡೀಸೆಲ್, ಇನ್ಶೂರೆನ್ಸ್, ಎಫ್‌ಸಿ, ಟೈರು ಬೇರೆ. ಎರಡೆಕರೆ ಇರೋನಿಗೆ ವರ್ಷಪೂರ್ತಿ ಅಷ್ಟು ಕೆಲಸ ಎಲ್ಲಿದೆ? ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಒಂದು ತಗೊಳ್ಳಿ. ಟೊಮೇಟೊ ಕೊಯ್ಲು ಮೂರ್ನಾಲ್ಕು ದಿನಕ್ಕೊಂದು ಸಲ ಬರೋದು. ಒಬ್ಬೊಬ್ಬರು ಒಂದೊಂದು ದಿನ ಕಿತ್ತರೆ ಗಾಡಿ ಒಂದು ದಿನವೂ ಸುಮ್ನೆ ನಿಲ್ಲಲ್ಲ. ಯಾರ ದಿನ ಯಾವುದು, ರಿಪೇರಿ ಖರ್ಚು ಯಾರದು ಅನ್ನೋದನ್ನ ಮೊದಲೇ ಪುಸ್ತಕದಲ್ಲಿ ಬರೆದಿಡಿ. ಇಲ್ಲಾಂದ್ರೆ ಗಾಡಿಗಿಂತ ಮುಂಚೆ ಸ್ನೇಹ ಕೆಡುತ್ತೆ.

ಈ ಸಲ ರೇಟ್ ಸಿಕ್ಕಿದೋರು ಶೋರೂಮಿಗೆ ಹೋಗೋ ಮುಂಚೆ ಹೋದ ವರ್ಷದ ಕ್ಯಾಲೆಂಡರ್ ತೆಗೀರಿ. ಬಾಡಿಗೆ ಗಾಡಿಗೆ ಕಾದ ದಿನ ಎಷ್ಟು, ಕಾರು ಬೇಕಾಗಿದ್ದ ದಿನ ಎಷ್ಟು, ಎರಡನ್ನೂ ಎಣಿಸಿ. ಆಮೇಲೆ ದುಡ್ಡು ಕಟ್ಟಿ.