ಗಂಟೆಯ ಹಾರಾಟ, ನಾಲ್ಕು ಗಂಟೆಯ ಪ್ರಯಾಣ

ಸ್ಪೇನಿನ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 480 ಕಿಲೋಮೀಟರ್. ವೇಳಾಪಟ್ಟಿಯ ಪ್ರಕಾರ ಹಾರಾಟದ ಅವಧಿ ಒಂದೂಕಾಲು ಗಂಟೆಯ ಆಸುಪಾಸು. ಅದರಲ್ಲಿಯೂ ವಿಮಾನವು ಆಕಾಶದಲ್ಲಿರುವುದು ಒಂದು ಗಂಟೆಗೂ ಕಡಿಮೆ. ಉಳಿದದ್ದು ರನ್‌ವೇ ತಲುಪುವುದಕ್ಕೆ, ಸರದಿಗಾಗಿ ಕಾಯುವುದಕ್ಕೆ ಸಲ್ಲುತ್ತದೆ.

ಆದರೆ ಯಾವ ಪ್ರಯಾಣಿಕನೂ ವಿಮಾನ ನಿಲ್ದಾಣದಲ್ಲಿ ವಾಸಿಸುವುದಿಲ್ಲ. ಮನೆಯಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ತಪಾಸಣೆಗೆಂದು ಮುಂಚಿತವಾಗಿ ಒಂದು ಗಂಟೆ, ಇಳಿದ ಬಳಿಕ ಊರೊಳಗೆ ಸೇರಲು ಮತ್ತೆ ಮುಕ್ಕಾಲು ಗಂಟೆ ಎಂದು ಲೆಕ್ಕ ಹಿಡಿದರೂ ಒಟ್ಟು ಅವಧಿ ನಾಲ್ಕು ಗಂಟೆಗೆ ಸಮೀಪಿಸುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ವೆಚ್ಚವಾಗುವುದು ಈ ಪೂರ್ಣ ಸಮಯವೇ ಹೊರತು ಟಿಕೆಟ್ಟಿನಲ್ಲಿ ಮುದ್ರಿತವಾದುದಲ್ಲ.

ಈ ಸತ್ಯವನ್ನು ಮನಗಾಣಿಸಿದ್ದು ರೈಲು. 1974ರಲ್ಲಿ ಆರಂಭವಾದ 'ವಾಯು ಸೇತುವೆ' ಸೇವೆ ದಶಕಗಳ ಕಾಲ ಈ ಎರಡು ನಗರಗಳ ನಡುವಣ ಸಂಚಾರವನ್ನು ಆಳಿತು. 2008ರ ಫೆಬ್ರುವರಿಯಲ್ಲಿ ಅತಿವೇಗದ ರೈಲು ಮಾರ್ಗ ಪೂರ್ಣಗೊಂಡಿತು. ಹಳಿಯ ಉದ್ದ 621 ಕಿಲೋಮೀಟರ್. ಅಂದರೆ ವಿಮಾನದ ದಾರಿಗಿಂತ ಸುಮಾರು 140 ಕಿಲೋಮೀಟರ್ ಹೆಚ್ಚು. ಆದರೂ ಊರ ನಡುವಿನಿಂದ ಊರ ನಡುವಿಗೆ ಎರಡೂವರೆ ಗಂಟೆಯ ಪ್ರಯಾಣ ಸಾಧ್ಯವಾಯಿತು. ಮುಂದಿನ ವರ್ಷಗಳಲ್ಲಿ ಬಹುಪಾಲು ಪ್ರಯಾಣಿಕರು ರೈಲಿನತ್ತ ಸರಿದರು. ಇದಕ್ಕೆ ಯಾವ ನಿಷೇಧಾಜ್ಞೆಯೂ ಬೇಕಾಗಲಿಲ್ಲ. 2021ರಿಂದ ಪ್ರತಿಸ್ಪರ್ಧಿ ಸಂಸ್ಥೆಗಳು ಅದೇ ಹಳಿಗೆ ಇಳಿದಾಗ ದರವೂ ತಗ್ಗಿತು.

ಫ್ರಾನ್ಸ್ ಹಿಡಿದದ್ದು ಬೇರೆ ದಾರಿ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕಡೆಗೆ ದೇಶದೊಳಗಿನ ವಿಮಾನ ಸಂಚಾರವನ್ನು ಅದು 2021ರ ಕಾಯ್ದೆಯಿಂದ ನಿರ್ಬಂಧಿಸಿತು. 150 ಮಂದಿ ನಾಗರಿಕರ ಸಭೆ ಶಿಫಾರಸು ಮಾಡಿದ್ದ ಮಿತಿ ನಾಲ್ಕು ಗಂಟೆ. ಅದನ್ನು ಕುಗ್ಗಿಸಿದ್ದರಿಂದ 2023ರಲ್ಲಿ ಆದೇಶ ಜಾರಿಗೆ ಬಂದಾಗ ಅದರ ವ್ಯಾಪ್ತಿಗೆ ಸಿಕ್ಕಿದ್ದು ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೋ, ಲಿಯಾನ್, ನಾಂತ್‌ಗಳಿಗೆ ಹೋಗುವ ಮೂರೇ ಮಾರ್ಗಗಳು. ಗದ್ದಲ ದೊಡ್ಡದು, ಫಲ ಅಲ್ಪ. ಆಜ್ಞೆ ಹೊರಡಿಸುವುದು ಸುಲಭ, ಪರ್ಯಾಯವನ್ನು ಕಟ್ಟುವುದು ಕಷ್ಟ ಎಂಬುದನ್ನು ಆಡಳಿತದಲ್ಲಿ ದುಡಿದವರು ಬಲ್ಲರು.

ಅತಿವೇಗದ ಹಳಿ ಅಗ್ಗವಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಪ್ರಯಾಣಿಕರು ವಿರಳವಾದ ಕಡೆ ಅದು ಬೊಕ್ಕಸಕ್ಕೆ ಹೊರೆ. ಆದರೆ ವಿಮಾನ ಟಿಕೆಟ್ಟಿನ ಅಗ್ಗವೂ ಪೂರ್ಣ ಸತ್ಯವಲ್ಲ. ಐರೋಪ್ಯ ಒಕ್ಕೂಟದ 2003ರ ಇಂಧನ ತೆರಿಗೆ ನಿರ್ದೇಶನವು ವಾಣಿಜ್ಯ ವಿಮಾನಗಳ ಇಂಧನಕ್ಕೆ ವಿನಾಯಿತಿ ನೀಡಿತು. ಹೊಗೆಯ ಬೆಲೆಯನ್ನು ಹಾರದವನೂ ತೆರಬೇಕಾದರೆ ಅದನ್ನು ಮುಕ್ತ ಸ್ಪರ್ಧೆ ಎನ್ನಲಾಗದು.

ದೇವನಹಳ್ಳಿಗೆ ಹೊರಟು ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಸಿಲುಕಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಯೋಜನೆ ರೂಪಿಸುವವರು ಅಳೆಯಬೇಕಾದುದು ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಹೊಸ್ತಿಲಿನಿಂದ ಹೊಸ್ತಿಲಿಗೆ.